ಆರು ಬಾಟಲಿ, ಒಂದೇ ನೀರು: ಸಸ್ಯತೊಟ್ಟಿಗೆ ಅಗ್ಗದ ತಳಹಾಸು ಆರಿಸಿದ ಒಂದು ಪ್ರಕರಣ

ಹಿನ್ನೆಲೆ

ಇದು ಮೀನು, ನೀರುಗಿಡಗಳನ್ನು ಸಾಕುವ ಒಂದು ಗಾಜಿನ ತೊಟ್ಟಿಯ ತಳಕ್ಕೆ ಏನು ಹಾಸಬೇಕು ಎಂಬ ಕಥೆ. ತೊಟ್ಟಿಯ ಒಡತಿಯ ಹೆಸರು, ಊರು, ಉದ್ಯೋಗ ಇಲ್ಲಿ ಬೇಡ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬಿಟ್ಟಿದ್ದೇನೆ, ನೀರಿನ ಅಳತೆಗಳನ್ನು ಮಾತ್ರ ಇದ್ದ ಹಾಗೆಯೇ ಕೊಟ್ಟಿದ್ದೇನೆ. ಈ ಕಥೆಯಲ್ಲಿ ತೀರ್ಮಾನಗಳೆಲ್ಲ ನಿಂತಿರುವುದು ಆ ಅಂಕಿಗಳ ಮೇಲೆ.

ತೊಟ್ಟಿ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 36 ಸೆಂ.ಮೀ. ಎತ್ತರದ್ದು. ಅಂಚಿನವರೆಗೆ ತುಂಬಿದರೆ ಸುಮಾರು 64 ಲೀಟರ್ ನೀರು. ಬೇರೆಯವರಿಂದ ಕೊಂಡದ್ದು, ಜೊತೆಗೆ ಹಳೆಯ ಫಿಲ್ಟರ್ ಮತ್ತು ತಳದಲ್ಲಿದ್ದ ಬಿಳಿ ಜಲ್ಲಿಯೂ ಬಂದಿತ್ತು. ಅದರಲ್ಲಿ ಕೆಲವು ಟೆಟ್ರಾಗಳು, ನಾಲ್ಕು ಕೊರಿಡೋರಸ್ ಮೀನುಗಳು ಇದ್ದವು. ಒಡತಿಗೆ ಮೀನಿಗಿಂತ ಗಿಡಗಳ ಮೇಲೆ ಆಸೆ. ಇದ್ದ ಹಣದ ಹೆಚ್ಚಿನ ಪಾಲನ್ನು ಒಳ್ಳೆಯ ದೀಪಕ್ಕೆ ಸುರಿದು, ಅಮೆಜಾನ್ ಸ್ವೋರ್ಡ್, ಕ್ರಿಪ್ಟೋಕೋರೈನ್, ವ್ಯಾಲಿಸ್ನೇರಿಯಾ, ಜಾವಾ ಫರ್ನ್ ತಂದು ನೆಟ್ಟಿದ್ದರು. ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಇರಲಿಲ್ಲ, ಇಡುವ ಯೋಚನೆಯೂ ಇರಲಿಲ್ಲ.

ಕೆಲವೇ ತಿಂಗಳಲ್ಲಿ ವ್ಯಾಲಿಸ್ನೇರಿಯಾ ಒಂದನ್ನು ಬಿಟ್ಟು ಉಳಿದವೆಲ್ಲ ಬಡಕಲಾದವು. ಸ್ವೋರ್ಡ್ ಗಿಡದ ಹೊಸ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಬರತೊಡಗಿದವು. ಕೊರಿಡೋರಸ್‌ಗಳ ಮೀಸೆ ಸವೆದು ಮೊಂಡಾಗಿತ್ತು. ಅಂಗಡಿಯವರು ಕೊಟ್ಟ ಸಲಹೆ ಒಂದೇ: ಗಿಡಗಳಿಗೆಂದೇ ಸಿದ್ಧಪಡಿಸಿದ, ಅಕ್ವಾಸಾಯಿಲ್ ಎಂಬ ಸಾರವುಳ್ಳ ಮಣ್ಣಿನ ಹರಳು ಹಾಕಿ. 60×30 ತಳಕ್ಕೆ ಸರಾಸರಿ 6 ಸೆಂ.ಮೀ. ದಪ್ಪ ಬೇಕೆಂದರೆ 10.8 ಲೀಟರ್. ಅಷ್ಟು ಚೀಲಗಳ ಲೆಕ್ಕ ಕೇಳಿ ಅವರು ಸುಮ್ಮನೆ ಹಿಂದಿರುಗಿದ್ದರು. ನನ್ನ ಬಳಿ ಬಂದದ್ದು ಆ ನಂತರ. "ಇದಕ್ಕಿಂತ ಅಗ್ಗದ್ದು ಯಾವುದಾದರೂ ಇದೆಯೇ?" ಎಂಬುದು ಅವರ ಪ್ರಶ್ನೆ.

ತೊಂದರೆ ಎಲ್ಲಿತ್ತು

ಅಗ್ಗದ್ದು ಯಾವುದು ಎನ್ನುವ ಮೊದಲು, ಈಗ ಇರುವುದರಲ್ಲಿ ಏನು ಕೆಟ್ಟಿದೆ ಎಂದು ತಿಳಿಯಬೇಕಿತ್ತು. ತಳ ಬದಲಿಸಿದರೆ ಎಲ್ಲ ಸರಿಹೋಗುತ್ತದೆ ಎಂಬುದು ಅಂಗಡಿಯ ಊಹೆ. ಊಹೆಗೆ ಹಣ ಹೂಡುವುದು ನನಗೆ ಹಿಡಿಸುವುದಿಲ್ಲ.

ಸುಳಿವು ವ್ಯಾಲಿಸ್ನೇರಿಯಾದಲ್ಲೇ ಇತ್ತು. ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಸಾಲದಿದ್ದಾಗ ಬೈಕಾರ್ಬೊನೇಟಿನಿಂದಲೂ ಇಂಗಾಲ ಹೀರಿಕೊಳ್ಳಬಲ್ಲ ಗಿಡ ಅದು. ಗಡಸು ನೀರಿನಲ್ಲಿ ಅದಕ್ಕೆ ಲಾಭವೇ. ಅದೊಂದೇ ಸೊಕ್ಕಿ ಬೆಳೆದು ಉಳಿದವು ಸೊರಗಿವೆಯೆಂದರೆ ನೀರಿನ ಗಡಸುತನವನ್ನು ಅನುಮಾನಿಸಬೇಕು. ಅಳೆದು ನೋಡಿದೆವು. ನಲ್ಲಿಯ ನೀರಿನ ಕಾರ್ಬೊನೇಟ್ ಗಡಸುತನ, ಅಂದರೆ ಮುಖ್ಯವಾಗಿ ಅದರಲ್ಲಿ ಕರಗಿರುವ ಬೈಕಾರ್ಬೊನೇಟಿನ ಅಳತೆ, 6 ಡಿಗ್ರಿ. ಒಂದು ಡಿಗ್ರಿ ಎಂದರೆ ಲೀಟರಿಗೆ 17.9 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ. ತೊಟ್ಟಿಯ ನೀರಿನದು 11. ಪಿ.ಎಚ್. (ಆಮ್ಲ-ಕ್ಷಾರಗಳ ಅಳತೆ, 7ಕ್ಕಿಂತ ಮೇಲಿದ್ದರೆ ಕ್ಷಾರ) 8.2. ನೀರು ಬದಲಿಸಿದ ದಿನ ಸ್ವಲ್ಪ ಇಳಿದು, ವಾರ ಕಳೆಯುವುದರೊಳಗೆ ಮತ್ತೆ ಏರುತ್ತಿತ್ತು. ಏನೋ ಒಂದು ತೊಟ್ಟಿಯೊಳಗೆ ಕರಗುತ್ತಿತ್ತು.

ಒಂದು ಹಿಡಿ ಬಿಳಿ ಜಲ್ಲಿಯನ್ನು ತೊಳೆದು ಒಣಗಿಸಿ ಮೇಲೆ ವಿನೆಗರ್ ಹನಿಸಿದರು. ನೊರೆ ಎದ್ದಿತು. ಅಮೃತಶಿಲೆಯ ಚೂರು. ಹಿಂದಿನ ಮಾಲೀಕರು ಅಂದಕ್ಕೆಂದು ಹಾಕಿದ್ದು ದಿನವೂ ನೀರಿಗೆ ಸುಣ್ಣ ಬಿಡುತ್ತಿತ್ತು. ಪಿ.ಎಚ್. ಏರಿದಂತೆ ಕಬ್ಬಿಣ ಗಿಡಗಳ ಕೈಗೆ ಸಿಗದ ರೂಪಕ್ಕೆ ತಿರುಗುತ್ತದೆ. ಹೊಸ ಎಲೆ ಹಳದಿ, ನರ ಹಸಿರು ಎನ್ನುವುದು ಕಬ್ಬಿಣದ ಕೊರತೆಯ ಹಳೆಯ ಗುರುತು. ಒಡೆದ ಕಲ್ಲಿನ ಅಂಚುಗಳೂ ಚೂಪಾಗಿದ್ದವು. ಕೊರಿಡೋರಸ್‌ಗಳ ಮೀಸೆ ಸವೆಯಲು ಚೂಪು ಜಲ್ಲಿಗಿಂತ ಅದರ ಸಂದಿಯಲ್ಲಿ ಕೊಳೆಯುವ ಕಸವೇ ಕಾರಣ ಎನ್ನುವವರಿದ್ದಾರೆ. ಇಲ್ಲಿ ಎರಡೂ ಧಾರಾಳವಾಗಿದ್ದವು.

ಹೀಗಾಗಿ ಮೊದಲ ತೀರ್ಮಾನ ಸುಲಭ: ಜಲ್ಲಿ ಹೋಗಬೇಕು. ಅದರ ಜಾಗಕ್ಕೆ ಏನು ಬರಬೇಕು ಎನ್ನುವುದೇ ಕಷ್ಟ.

ಬಾಟಲಿಗಳು

ಅಗ್ಗದ ತಳಹಾಸಿನ ವಿಷಯದಲ್ಲಿ ಸಲಹೆಗೆ ಬರವಿಲ್ಲ. ಒಡತಿಯ ಕೈಯಲ್ಲಿ ಆಗಲೇ ಒಂದು ಪಟ್ಟಿ ಇತ್ತು: ನೀರು ಸೋಸುವ ಯಂತ್ರಗಳಿಗೆ ಹಾಕುವ ಸ್ಫಟಿಕ ಮರಳು, ಕೈತೋಟದ ಮಣ್ಣು, ನೆಲಕ್ಕೆ ಚೆಲ್ಲಿದ ಎಣ್ಣೆ ಹೀರಲು ಬಳಸುವ ಸುಟ್ಟ ಜೇಡಿಯ ಹರಳು, ಬೆಕ್ಕಿನ ಮಲದ ಟ್ರೇಗೆ ಹಾಕುವ ಜೇಡಿಯ ಹರಳು. ಕೊನೆಯದು ಎಲ್ಲಕ್ಕಿಂತ ಅಗ್ಗ. ಬಂಧುಗಳೊಬ್ಬರು "ಜೇಡಿ ಅಂದರೆ ಜೇಡಿಯೇ" ಎಂದು ಹೇಳಿ ಒಂದು ಚೀಲ ತಂದೂ ಕೊಟ್ಟಿದ್ದರು.

ನಾನು ಕೇಳಿಕೊಂಡದ್ದು ಇಷ್ಟೇ: ಯಾವುದನ್ನೂ ತೊಟ್ಟಿಗೆ ಸುರಿಯಬೇಡಿ, ಮೊದಲು ಬಾಟಲಿಗೆ ಹಾಕಿ. ಒಂದೇ ಗಾತ್ರದ ಆರು ಗಾಜಿನ ಬಾಟಲಿಗಳು. ಹಿಂದಿನ ದಿನ ಹಿಡಿದು ತೆರೆದಿಟ್ಟ ನಲ್ಲಿ ನೀರು, ಎಲ್ಲಕ್ಕೂ ಸಮನಾಗಿ. ಐದರಲ್ಲಿ ಒಂದೊಂದು ಬೊಗಸೆ ವಸ್ತು: ಹಳೆಯ ಬಿಳಿ ಜಲ್ಲಿ, ಮರಳು, ಸುಟ್ಟ ಜೇಡಿ, ಬೆಕ್ಕಿನ ಟ್ರೇಯ ಜೇಡಿ, ತೋಟದ ಮಣ್ಣು. ಆರನೆಯದರಲ್ಲಿ ಬರೀ ನೀರು. ಈ ಖಾಲಿ ಬಾಟಲಿಯನ್ನು ಬಿಟ್ಟುಬಿಡೋಣವೇ ಎಂದು ಅವರು ಕೇಳಿದರು. ಬೇಡ ಎಂದೆ. ನೀರು ತಾನಾಗಿ ಎಷ್ಟು ಬದಲಾಗುತ್ತದೆ ಎಂದು ಗೊತ್ತಿಲ್ಲದೆ, ಕಲ್ಲು ಅದನ್ನು ಎಷ್ಟು ಬದಲಿಸಿತು ಎಂದು ಹೇಳಲು ಬರುವುದಿಲ್ಲ.

ಮರುದಿನ ಬೆಳಗ್ಗೆಯೇ ಒಂದು ತೀರ್ಪು ಬಂತು. ಬೆಕ್ಕಿನ ಟ್ರೇಯ ಜೇಡಿ ಇದ್ದ ಬಾಟಲಿಯಲ್ಲಿ ಹರಳು ಎಂಬುದೇ ಉಳಿದಿರಲಿಲ್ಲ. ಬೂದುಬಣ್ಣದ ಅಂಟು ಮುದ್ದೆಯೊಂದು ಉಬ್ಬಿ ಬಾಟಲಿಯ ಅರ್ಧದವರೆಗೆ ಏರಿತ್ತು. ಓರೆ ಮಾಡಿದರೂ ಜಾರಲಿಲ್ಲ, ಚಮಚೆ ಚುಚ್ಚಿದರೆ ಹಾಗೆಯೇ ನಿಂತಿತು. ಮೂಗು ಹತ್ತಿರ ತಂದರೆ ಸುಗಂಧದ್ರವ್ಯದ ವಾಸನೆ. ಅದು ಬೆಂಟೋನೈಟ್, ನೀರು ಕುಡಿದು ಗಂಟುಕಟ್ಟುವುದಕ್ಕೆಂದೇ ಮಾರುವ ಹಸಿ ಜೇಡಿ. 64 ಲೀಟರಿನ ತೊಟ್ಟಿಯಲ್ಲಿ, ಮೀನುಗಳ ನಡುವೆ, ಇದು ನಡೆದಿದ್ದರೆ ಏನಾಗುತ್ತಿತ್ತು ಎಂದು ವಿವರಿಸುವ ಅಗತ್ಯವಿಲ್ಲ. ಪಕ್ಕದ ಬಾಟಲಿಯ ಸುಟ್ಟ ಜೇಡಿ ಹಾಗೆಯೇ ಗಟ್ಟಿಯಾಗಿತ್ತು, ಬೆರಳಲ್ಲಿ ಉಜ್ಜಿದರೂ ಪುಡಿಯಾಗಲಿಲ್ಲ. ಎರಡೂ ಚೀಲಗಳ ಮೇಲೆ 'ನೈಸರ್ಗಿಕ ಜೇಡಿ' ಎಂದೇ ಇತ್ತು. ವ್ಯತ್ಯಾಸವೆಲ್ಲ ಬೆಂಕಿಯದು. ಹೆಚ್ಚಿನ ಶಾಖದಲ್ಲಿ ಸುಟ್ಟ ಜೇಡಿ ಮತ್ತೆ ಕೆಸರಾಗುವುದಿಲ್ಲ.

ವಾರದ ಕೊನೆಗೆ ಉಳಿದವನ್ನು ಅಳೆದರು. ಬರೀ ನೀರು 6 ಡಿಗ್ರಿಯಲ್ಲೇ ಇತ್ತು. ಮರಳಿನದೂ 6. ಬಿಳಿ ಜಲ್ಲಿಯದು 9. ಸುಟ್ಟ ಜೇಡಿಯದು 2. ತೋಟದ ಮಣ್ಣಿನ ನೀರು ಚಹಾ ಬಣ್ಣಕ್ಕೆ ತಿರುಗಿ, ಮೇಲೆ ಬೇರು ನಾರಿನ ಚೂರುಗಳು ತೇಲುತ್ತಿದ್ದವು. ಮೀನಿಗೆ ವಿಷವಾದ ಅಮೋನಿಯಾ ಲೀಟರಿಗೆ 2 ಮಿಲಿಗ್ರಾಂ ತೋರಿಸಿತು.

ಸುಟ್ಟ ಜೇಡಿಯ ಅಂಕಿ ನೋಡಿ ಒಡತಿ ಹೌಹಾರಿದರು. ಗಡಸುತನ ಇಳಿದರೆ ಪಿ.ಎಚ್. ಹಿಡಿದು ನಿಲ್ಲಿಸುವ ಶಕ್ತಿ ನೀರಿಗೆ ಇರುವುದಿಲ್ಲ, ಮೀನು ಸಾಯುತ್ತದೆ ಎಂದು ಎಲ್ಲೋ ಓದಿದ್ದರು. ಓದಿದ್ದು ಸರಿಯೇ. ಆದರೆ ಜೇಡಿಯ ಆ ಗುಣಕ್ಕೆ ಮಿತಿಯಿದೆ. ಹರಳಿನ ಮೇಲ್ಮೈಯಲ್ಲಿ ಋಣ ವಿದ್ಯುದಂಶದ ತಾಣಗಳಿರುತ್ತವೆ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ, ಅಮೋನಿಯಂ, ಕಬ್ಬಿಣದ ಧನ ಅಯಾನುಗಳು (ಧನ ವಿದ್ಯುದಂಶ ಹೊತ್ತ ಕಣಗಳು) ಅಲ್ಲಿ ಹಿಡಿದುಕೊಳ್ಳುತ್ತವೆ. ಹೊಸ ಹರಳು ಇವನ್ನು ಎಳೆದುಕೊಂಡು ಬದಲಿಗೆ ಹೈಡ್ರೋಜನ್ ಅಯಾನುಗಳನ್ನು ಬಿಡುತ್ತದೆ, ಅವು ಬೈಕಾರ್ಬೊನೇಟನ್ನು ಕಳೆದು ಗಡಸುತನ ಇಳಿಸುತ್ತವೆ. ತಾಣಗಳು ತುಂಬಿದ ಮೇಲೆ ಹರಳು ತಣ್ಣಗಾಗುತ್ತದೆ. ಗಿಡದ ಬೇರಿಗೆ ಬೇಕಾದದ್ದನ್ನು ಹಿಡಿದಿಟ್ಟು ಕೊಡುವುದೂ ಇದೇ ಗುಣ. ಅಮೃತಶಿಲೆ ಮಾತ್ರ ಕರಗಿ ಮುಗಿಯುವವರೆಗೂ, ಅಂದರೆ ವರ್ಷಗಟ್ಟಲೆ, ಸುಣ್ಣ ಬಿಡುತ್ತಲೇ ಇರುತ್ತದೆ.

ಇನ್ನೊಂದು ಮಾತು. ವಿನೆಗರ್ ಪರೀಕ್ಷೆಯಲ್ಲಿ ನೊರೆ ಬಂದರೆ ನಂಬಬಹುದು, ಬರಲಿಲ್ಲವೆಂದು ನಿಶ್ಚಿಂತರಾಗಬಾರದು. ಡೋಲೊಮೈಟ್‌ನಂಥ ಕಲ್ಲು ದುರ್ಬಲ ಆಮ್ಲದೊಂದಿಗೆ ಬಹಳ ನಿಧಾನವಾಗಿ ವರ್ತಿಸುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ. ವಾರಗಟ್ಟಲೆ ಬಾಟಲಿಯಲ್ಲಿಟ್ಟು ಅಳೆಯುವುದು ಬೇಸರದ ಕೆಲಸ, ಆದರೆ ಅದು ತಪ್ಪಿಸಿಕೊಳ್ಳಲು ಬಿಡುವುದಿಲ್ಲ.

ಮಣ್ಣೋ, ಸುಟ್ಟ ಮಣ್ಣೋ

ಕಣದಲ್ಲಿ ಉಳಿದದ್ದು ಮೂರು. ಒಡತಿಯ ಒಲವು ತೋಟದ ಮಣ್ಣಿನ ಕಡೆಗೆ: "ಮಣ್ಣು ಪುಕ್ಕಟೆ ಸಿಗುವಾಗ ಸುಟ್ಟ ಮಣ್ಣಿಗೆ ಹಣ ಯಾಕೆ ಕೊಡಬೇಕು?"

ನ್ಯಾಯವಾದ ಪ್ರಶ್ನೆ. ಎರಡೂವರೆ ಸೆಂ.ಮೀ. ಮಣ್ಣು ಹಾಸಿ, ಮೇಲೆ ಅಷ್ಟೇ ಅಥವಾ ತುಸು ಹೆಚ್ಚು ಮರಳು ಹೊದಿಸಿ ವರ್ಷಗಟ್ಟಲೆ ಸೊಂಪಾಗಿ ಇಟ್ಟುಕೊಂಡ ತೊಟ್ಟಿಗಳನ್ನು ನಾನು ನೋಡಿದ್ದೇನೆ. ಮಣ್ಣಿನಲ್ಲಿ ಆಹಾರವಿದೆ. ಆಮ್ಲಜನಕ ಕಡಿಮೆ ಇರುವ ಪದರದಲ್ಲಿ ಕಬ್ಬಿಣ ಬೇರು ಹೀರುವ ರೂಪಕ್ಕೆ ಬರುತ್ತದೆ. ಮೊದಲ ವಾರಗಳ ಅಮೋನಿಯಾವನ್ನು ಮೀನಿಲ್ಲದೆ, ಆಗಾಗ ನೀರು ಬದಲಿಸಿ ಕಳೆಯಬಹುದು. ಮಣ್ಣನ್ನು ಹಲವು ಸಲ ನೆನೆಸಿ ಒಣಗಿಸಿ, ಸಾವಯವ ಕಸ ಕೊಳೆತು ಮುಗಿಯುವಂತೆ ಮಾಡಿದರೆ ಇನ್ನೂ ಒಳ್ಳೆಯದು.

ಅಡ್ಡಿ ಇದ್ದದ್ದು ಮಣ್ಣಿನಲ್ಲಿ ಅಲ್ಲ. ಒಡತಿಯ ಕೈ ಸುಮ್ಮನಿರುವುದಿಲ್ಲ. ಇವತ್ತು ನೆಟ್ಟದ್ದನ್ನು ಮುಂದಿನ ವಾರ ಕಿತ್ತು ಬೇರೆ ಮೂಲೆಗೆ ಹಾಕುವವರು ಅವರು. ಹಳೆಯ ಚಿತ್ರಗಳನ್ನು ತೋರಿಸಿದಾಗ ಸ್ವೋರ್ಡ್ ಗಿಡ ಒಂದೊಂದರಲ್ಲೂ ಒಂದೊಂದು ಕಡೆ ಇತ್ತು. ಬೇರು ಬಿಟ್ಟ ಕ್ರಿಪ್ಟೋಕೋರೈನನ್ನು ಮರಳಿನ ಹೊದಿಕೆಯಿಂದ ಎಳೆದರೆ ಕೆಳಗಿನ ಮಣ್ಣು ಅದರ ಜೊತೆಯೇ ಮೇಲೆ ಬರುತ್ತದೆ. ಜೊತೆಗೆ ದಿನವಿಡೀ ತಳ ಕೆದಕುವ ನಾಲ್ಕು ಕೊರಿಡೋರಸ್. ನಾನು ಇದನ್ನು ಹೇಳಿದಾಗ ಅವರು ಸ್ವಲ್ಪ ಮುನಿಸಿಕೊಂಡರು, ಆಮೇಲೆ ನಕ್ಕರು. ಮಣ್ಣಿನ ವಿಚಾರ ಅಲ್ಲಿಗೆ ಬಿತ್ತು. ಈ ಪ್ರಕರಣದ ಮೊದಲ ತಿರುವು ಇದೇ ಎಂದು ನನ್ನ ಅಭಿಪ್ರಾಯ. ಸಾಮಾನ್ಯವಾಗಿ ಗಿಡ, ಮೀನು, ನೀರಿನ ಬಗ್ಗೆ ಕೇಳುತ್ತೇವೆ. ತೊಟ್ಟಿಯಲ್ಲಿ ಕೈಯಾಡಿಸುವವರ ಸ್ವಭಾವವನ್ನು ಯಾರೂ ಕೇಳುವುದಿಲ್ಲ.

ಕೊನೆಗೆ ಗೊತ್ತಾದ ಯೋಜನೆ ಹೀಗಿತ್ತು. ಹಿಂಬದಿಯ 20 ಸೆಂ.ಮೀ. ಅಗಲಕ್ಕೆ ಸುಟ್ಟ ಜೇಡಿ, 5ರಿಂದ 8 ಸೆಂ.ಮೀ.ವರೆಗೆ ಇಳಿಜಾರಾಗಿ, ಸುಮಾರು 7.8 ಲೀಟರ್. ಮುಂಬದಿಯ 10 ಸೆಂ.ಮೀ.ಗೆ ನುಣುಪು ಮರಳು, 3 ಸೆಂ.ಮೀ. ದಪ್ಪ, ಎರಡು ಲೀಟರಿಗೂ ಕಡಿಮೆ. ಅದು ಕೊರಿಡೋರಸ್‌ಗಳ ಅಂಗಳ. ನಡುವೆ ಉರುಟು ಕಲ್ಲುಗಳ ಒಡ್ಡು. ಎರಡನ್ನೂ ಬೆರೆಸಿ ಹಾಕಬಾರದೇ ಎಂಬ ಪ್ರಶ್ನೆ ಬಂತು. ಬೆರೆಸಿದರೆ ಸಣ್ಣ, ಭಾರದ ಮರಳು ಸಂದಿಗಳಲ್ಲಿ ಕೆಳಗಿಳಿದು, ದಪ್ಪ, ಹಗುರ ಜೇಡಿ ಮೇಲಕ್ಕೆ ಬರುತ್ತದೆ. ನೋಡಲೂ ಚೆನ್ನಾಗಿರುವುದಿಲ್ಲ, ಮರಳಿನ ಉಪಯೋಗವೂ ಮೀನಿಗೆ ಸಿಗುವುದಿಲ್ಲ.

ನಡೆದದ್ದು

ಜೇಡಿಯನ್ನು ಧೂಳು ಹೋಗುವವರೆಗೆ ತೊಳೆದು ಬಕೆಟುಗಳಲ್ಲಿ ನೆನೆಹಾಕಿದರು. ಮೀನುಗಳು ಹಳೆಯ ಜಲ್ಲಿಯ ಮೇಲೆಯೇ ಇರಲಿ, ಬಕೆಟಿನ ನೀರಿನ ಗಡಸುತನ ನಲ್ಲಿ ನೀರಿಗೆ ಸಮನಾಗುವವರೆಗೆ ಕಾಯೋಣ ಎಂದು ಮಾತಾಗಿತ್ತು. ನೀರು ಬದಲಿಸಿದಾಗಲೆಲ್ಲ ಅಳತೆ. ಮೊದಮೊದಲು ಮತ್ತೆ 2ಕ್ಕೇ ಇಳಿಯುತ್ತಿತ್ತು. ನಂತರ 3. ಬಹಳ ದಿನ 3ರಲ್ಲೇ ನಿಂತಿತು. ಆ ಹೊತ್ತಿಗೆ ಒಡತಿಯ ತಾಳ್ಮೆ ಮುಗಿಯುತ್ತ ಬಂದಿತ್ತು. ತೊಟ್ಟಿಗೆ ಹಾಕಿ ಅಲ್ಲೇ ನೀರು ಬದಲಿಸುತ್ತ ಹೋದರಾಗದೇ ಎಂದರು. ಮೀನಿಲ್ಲದ ಹೊಸ ತೊಟ್ಟಿಯಾಗಿದ್ದರೆ ನಾನೂ ಹಾಗೆಯೇ ಮಾಡಿ ಎನ್ನುತ್ತಿದ್ದೆ. ಇಲ್ಲಿ 8.2ರ ಪಿ.ಎಚ್.ಗೆ ಒಗ್ಗಿದ ಮೀನುಗಳಿದ್ದವು. ಅವನ್ನು ಒಂದೇ ದಿನದಲ್ಲಿ ಆರೂವರೆಯ ಆಸುಪಾಸಿಗೆ ತಳ್ಳುವುದು ಸಲ್ಲದು. ಕಾದರು. ಮೂರನೆಯ ವಾರದ ಕೊನೆಗೆ ಅಂಕಿ 6ರಲ್ಲಿ ನೆಲೆಗೊಂಡಿತು. ಈ ನಡುವೆ ಬಿಳಿ ಜಲ್ಲಿಯನ್ನು ಸ್ವಲ್ಪ ಸ್ವಲ್ಪವಾಗಿ ತೆಗೆಯುತ್ತ, ನೀರು ಬದಲಿಸುತ್ತ ತೊಟ್ಟಿಯ ಪಿ.ಎಚ್. ಅನ್ನೂ ಮೆಲ್ಲಗೆ ಇಳಿಸಿದ್ದರು.

ತಳ ಹಾಕಿದ ದಿನದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಮೀನುಗಳನ್ನು, ಓಡುತ್ತಿದ್ದ ಫಿಲ್ಟರ್ ಸಮೇತ, ಒಂದು ಪ್ಲಾಸ್ಟಿಕ್ ಡಬ್ಬಿಗೆ ವರ್ಗಾಯಿಸಿದರು. ಫಿಲ್ಟರಿನ ಸ್ಪಂಜನ್ನು ತೊಳೆಯದೆ ಹಾಗೆಯೇ ಉಳಿಸಿಕೊಂಡದ್ದರಿಂದ ಅಮೋನಿಯಾ ಅರಗಿಸುವ ಬ್ಯಾಕ್ಟೀರಿಯಾಗಳೂ ಉಳಿದವು.

ಮುಂದಿನ ವಾರ ಕ್ರಿಪ್ಟೋಕೋರೈನ್‌ಗಳ ಎಲೆಗಳು ಒಂದರ ಹಿಂದೆ ಒಂದು ಪಾರದರ್ಶಕವಾಗಿ, ಲೋಳೆಯಾಗಿ ಕರಗಿಹೋದವು. "ಇದೂ ಆಗಿಬರಲಿಲ್ಲ, ಎಲ್ಲ ಕಿತ್ತುಹಾಕುತ್ತೇನೆ" ಎಂದು ಒಡತಿಯಿಂದ ಫೋನ್. ಎರಡನೆಯ ತಿರುವು ಇದು. ಈ ಗಿಡಕ್ಕೆ ಜಾಗ ಅಥವಾ ನೀರು ಬದಲಾದಾಗ ಎಲೆ ಕಳಚಿಕೊಳ್ಳುವ ಅಭ್ಯಾಸವಿದೆ. ಬೇರುಗಡ್ಡೆ ಗಟ್ಟಿಯಾಗಿದ್ದರೆ ಗಿಡ ಬದುಕಿದೆ ಎಂದೇ ಲೆಕ್ಕ. ಕೊಳೆತ ಎಲೆಗಳನ್ನಷ್ಟೇ ಕತ್ತರಿಸಿ ತೆಗೆಯಿರಿ, ಬೇರನ್ನು ಮುಟ್ಟಬೇಡಿ ಎಂದೆ. ಆಗ ಕಿತ್ತಿದ್ದರೆ ಸುಟ್ಟ ಜೇಡಿಗೆ ಸುಮ್ಮನೆ ಕೆಟ್ಟ ಹೆಸರು ಬರುತ್ತಿತ್ತು. ಮೂರು ವಾರಗಳಲ್ಲಿ ಮೊನಚಾದ ಕಂದು ಚಿಗುರುಗಳು ಹರಳುಗಳ ನಡುವೆ ತಲೆಯೆತ್ತಿದವು. ಜಾವಾ ಫರ್ನ್ ಮಾತ್ರ ನಿಜವಾಗಿಯೇ ಕೊಳೆಯುತ್ತಿತ್ತು. ಅದರ ಕಾಂಡವನ್ನು ತಳದಲ್ಲಿ ಹೂತಿದ್ದರು. ಮೇಲೆತ್ತಿ ಮರದ ತುಂಡಿಗೆ ದಾರದಿಂದ ಕಟ್ಟಿದ ಮೇಲೆ ಚೇತರಿಸಿಕೊಂಡಿತು. ಅದಕ್ಕೆ ತಳಹಾಸೇ ಬೇಕಿಲ್ಲ. ಅನೂಬಿಯಸ್ ಎಂಬ ಗಿಡದ್ದೂ ಇದೇ ಕಥೆ.

ಸ್ವೋರ್ಡ್ ಗಿಡ ತಿಂಗಳ ನಂತರ ಮತ್ತೆ ಹಳದಿ ತೋರಿಸಿತು. ಪಿ.ಎಚ್. ಈಗ 7.4, ಸುಣ್ಣದ ಕಾಟವಿಲ್ಲ, ಹಾಗಾದರೆ ಏಕೆ? ಸುಟ್ಟ ಜೇಡಿಯನ್ನೇ ಗೊಬ್ಬರ ಎಂದು ಒಡತಿ ತಿಳಿದಿದ್ದರು. ಅದು ಖಾಲಿ ಉಗ್ರಾಣ. ತುಂಬಿಸಿದಷ್ಟನ್ನು ಕಾಪಾಡುತ್ತದೆ, ತಾನಾಗಿ ಏನನ್ನೂ ಬೆಳೆಯುವುದಿಲ್ಲ. ಮೀನಿನ ಗಲೀಜಿನಿಂದ ಸಾರಜನಕ ಸಿಗುತ್ತದೆ, ಕಬ್ಬಿಣ ಅಷ್ಟಾಗಿ ಸಿಗುವುದಿಲ್ಲ. ಕಬ್ಬಿಣದಂಶವುಳ್ಳ ಕೆಂಪು ಜೇಡಿಯನ್ನು ನಾದಿ, ನಡುವೆ ನಿಧಾನವಾಗಿ ಕರಗುವ ಗೊಬ್ಬರದ ಎರಡು ಮೂರು ಕಾಳಿಟ್ಟು, ಗೋಲಿಯಷ್ಟು ಗಾತ್ರದ ಉಂಡೆ ಕಟ್ಟಿ ಒಣಗಿಸಿದರು. ಸ್ವೋರ್ಡ್ ಗಿಡದ ಬುಡದಿಂದ ತುಸು ದೂರ, ಗಾಜಿಗೆ ತಾಗುವಷ್ಟು ಆಳಕ್ಕೆ ಎರಡು ಉಂಡೆ. ಆಮೇಲೆ ಬಂದ ಎಲೆ ಹಸಿರಾಗಿತ್ತು. ಹಳೆಯ ಹಳದಿ ಎಲೆಗಳು ಹಸಿರಾಗಲಿಲ್ಲ, ಆಗುವುದೂ ಇಲ್ಲ. ಸುಧಾರಣೆಯನ್ನು ಹೊಸ ಎಲೆಯಲ್ಲಿ ಮಾತ್ರ ನೋಡಬೇಕು.

ಇಷ್ಟಾದ ಮೇಲೆ ಸ್ವಭಾವ ತಲೆ ಹಾಕಿತು. ಚೆನ್ನಾಗಿ ಬೆಳೆದ ಸ್ವೋರ್ಡ್ ನಡುವೆ ಇದ್ದರೆ ಚೆಂದ ಎನ್ನಿಸಿ ಒಡತಿ ಅದನ್ನು ಎಳೆದರು. ಬೇರಿನ ಗೊಂಚಲಿನಲ್ಲಿ ಸಿಕ್ಕಿಕೊಂಡಿದ್ದ ಉಂಡೆ ಮೇಲೆ ಬಂದು ನೀರಿನಲ್ಲಿ ಒಡೆಯಿತು. ಕೆಂಪು ಮೋಡ. ಸಂಜೆಯ ಹೊತ್ತಿಗೆ ಅಮೋನಿಯಾ ಲೀಟರಿಗೆ 1 ಮಿಲಿಗ್ರಾಂ. ಗೊಬ್ಬರದ ಕಾಳುಗಳನ್ನು ಕೊಳವೆಯಿಂದ ಹೀರಿ ತೆಗೆದು, ಅರ್ಧ ನೀರು ಬದಲಿಸಿ, ಮರುದಿನ ಮತ್ತೆ ಬದಲಿಸಿದರು. ಮೀನು ಸಾಯಲಿಲ್ಲ.

ಮೀನು ಉಳಿದದ್ದರಲ್ಲಿ ಹಳೆಯ ಜಲ್ಲಿಯನ್ನು ತೆಗೆದದ್ದರ ಪಾಲೂ ಇದೆ. ಪರೀಕ್ಷೆಯಲ್ಲಿ ಕಾಣುವ ಅಮೋನಿಯಾದಲ್ಲಿ ಹೆಚ್ಚು ವಿಷಕಾರಿಯಾದದ್ದು ಅಯಾನಾಗದ, ಅಂದರೆ ವಿದ್ಯುದಂಶವಿಲ್ಲದ, ಪಾಲು. 25 ಡಿಗ್ರಿ ಉಷ್ಣತೆಯಲ್ಲಿ ಅದು ಪಿ.ಎಚ್. 7.4ರಲ್ಲಿ ಒಟ್ಟಿನ ಶೇ. 1.4ರಷ್ಟು, 8.2ರಲ್ಲಿ ಸುಮಾರು ಶೇ. 8. ಅದೇ ಉಂಡೆ ಹಿಂದಿನ ನೀರಿನಲ್ಲಿ ಒಡೆದಿದ್ದರೆ ಹೆಚ್ಚುಕಡಿಮೆ ಆರು ಪಟ್ಟು ವಿಷ.

ಅಂದಿನಿಂದ ತೊಟ್ಟಿಯ ಪಕ್ಕಕ್ಕೆ ಒಂದು ಕಾಗದ ಅಂಟಿಸಿದ್ದಾರೆ. ಮೇಲಿನಿಂದ ನೋಡಿದಂತೆ ತೊಟ್ಟಿಯ ನಕ್ಷೆ, ಉಂಡೆ ಹೂತ ಕಡೆ ಗುಣಿಸು ಗುರುತು, ಪಕ್ಕದಲ್ಲಿ ತಾರೀಕು. ಗುರುತಿನ ಸುತ್ತ ನಾಲ್ಕು ಬೆರಳು ಜಾಗದಲ್ಲಿ ಏನನ್ನೂ ಕೀಳುವಂತಿಲ್ಲ. ಉಳಿದ ಕಡೆ ಕೈಗೆ ಪೂರ್ಣ ಸ್ವಾತಂತ್ರ್ಯ.

ಬೇರೆಯವರಿಗೆ ಇದರಿಂದ

ಲೆಕ್ಕ ಕೂಡಿಸಿದಾಗ ಒಂದು ತಮಾಷೆ ಕಂಡಿತು: ತಳಹಾಸಿಗಿಂತ ನೀರಿನ ಪರೀಕ್ಷಾ ಕಿಟ್‌ಗೆ ಹೆಚ್ಚು ಖರ್ಚಾಗಿತ್ತು. ನನಗೆ ಅದು ಸರಿಯಾದ ಅನುಪಾತ ಎನಿಸುತ್ತದೆ. ತಳಹಾಸಿನ ನಿಜವಾದ ಬೆಲೆ ಇರುವುದು ತಪ್ಪಾದದ್ದನ್ನು ತುಂಬಿದ ತೊಟ್ಟಿಯಿಂದ ಹೊರತೆಗೆಯುವ ದಿನ. ಗಿಡ, ಮೀನು, ರಜಾದಿನ ಎಲ್ಲವೂ ಆ ಲೆಕ್ಕಕ್ಕೆ ಸೇರುತ್ತವೆ.

ಖರ್ಚು ಇಳಿದದ್ದು ಎರಡು ಕೆಲಸಗಳನ್ನು ಬೇರ್ಪಡಿಸಿದ್ದರಿಂದ. ಬೇರನ್ನು ಹಿಡಿಯುವ ಕೆಲಸ ತಳಕ್ಕೆಲ್ಲ ಬೇಕು, ಅದಕ್ಕೆ ನೀರಿನೊಂದಿಗೆ ತಂಟೆ ಮಾಡದ ಯಾವ ಹರಳಾದರೂ ಸಾಕು. ಉಣಿಸುವ ಕೆಲಸ ಬೇಕಾದದ್ದು ಬೇರಿನಿಂದ ಹೆಚ್ಚು ಉಣ್ಣುವ ಆರೆಂಟು ಗಿಡಗಳ ಕೆಳಗೆ ಮಾತ್ರ. ಅಕ್ವಾಸಾಯಿಲ್ ಎರಡನ್ನೂ ಒಟ್ಟಿಗೆ ಮಾಡುತ್ತದೆ, ಅದಕ್ಕೇ ದುಬಾರಿ. ಅದರ ಸಾರವೂ ಕಾಲಕ್ರಮೇಣ ಮುಗಿಯುತ್ತದೆ, ಹರಳೂ ಪುಡಿಯಾಗುತ್ತ ಬರುತ್ತದೆ. ಹಾಗೆಂದು ಅದನ್ನು ಹಳಿಯುವುದಿಲ್ಲ. ಗಡಸು ನೀರಿನ ಊರಿನಲ್ಲಿ ಮೃದು ನೀರಿನ ಗಿಡ, ಸೀಗಡಿಗಳನ್ನು ಸಾಕಬೇಕೆನ್ನುವವರಿಗೆ ಅದು ಕೊಡುವ ಹಣಕ್ಕೆ ತಕ್ಕದ್ದೇ.

ಈ ಏರ್ಪಾಡು ಎಲ್ಲರಿಗೂ ಹೊಂದುವುದಿಲ್ಲ. ನಲ್ಲಿಯ ನೀರಿನ ಕಾರ್ಬೊನೇಟ್ ಗಡಸುತನ 2 ಡಿಗ್ರಿಗಿಂತ ಕಡಿಮೆ ಇರುವಲ್ಲಿ ಸುಟ್ಟ ಜೇಡಿಯನ್ನು ತಣಿಸುವುದು ಬಹಳ ದಿನದ ಕೆಲಸ. ಅಂಥವರಿಗೆ ಬರೀ ಮರಳು, ಉಂಡೆ ಸಾಕು. ಹುಲ್ಲುಹಾಸಿನಂತೆ ಹರಡುವ ಪುಟ್ಟ ಗಿಡಗಳು ಹಗುರ ಹರಳಿನಲ್ಲಿ ನಿಲ್ಲದೆ ಮೇಲೆ ತೇಲುತ್ತವೆ. ಒಡತಿಗೆ ಈಗ ಅದರದೇ ಆಸೆ ಹತ್ತಿದೆ. ಮುಂಬದಿಯ ಮರಳಿನಲ್ಲಿ ಎಡಗಡೆಯ ಒಂದು ಅಂಗೈಯಗಲ ಜಾಗಕ್ಕೆ ಸಣ್ಣ ಬೆಣಚುಗಳ ಬೇಲಿ ಹಾಕಿ, ಕೊರಿಡೋರಸ್‌ಗಳು ಕೆದಕದಂತೆ ಮಾಡಿ, ಅಲ್ಲಷ್ಟೇ ನೆಟ್ಟು ನೋಡಿ ಎಂದಿದ್ದೇನೆ. ಉಳಿದ ಅಂಗಳ ಮೀನುಗಳದ್ದೇ. ಅವುಗಳ ಮೀಸೆ ಮತ್ತೆ ಬೆಳೆಯುತ್ತಿದೆ.